ಸರ್ನಾಯ್ ಹೆಸರಿಗೆ ಒಂದು ಸರದಿ

ಯೋಗ್ಯಕರ್ತದ ದಕ್ಷಿಣದ ಓಣಿಯೊಂದರಲ್ಲಿ ಬು ವಾರ್ಸಿನಿಯ, ಅಂದರೆ ವಾರ್ಸಿನಿ ಅಮ್ಮನ, ಮನೆಗೆ ಪರದೇಶದ ಕಲಾವಿದರು ಬಂದು, ತಿಂಗಳುಗಟ್ಟಲೆ ಇದ್ದು, ಕೆಲಸ ಮಾಡಿಕೊಂಡು ಹೋಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವನು ಬಾತಿಕ್ ಬಟ್ಟೆಗೆ ಬಣ್ಣ ಹಾಕುತ್ತಿದ್ದ ಶೆಡ್ಡು ಖಾಲಿ ಬಿದ್ದಿತ್ತು. ಬಾಡಿಗೆಗೆ ಕೊಡದೆ ಅವಳು ಅದನ್ನು ಈ ಕಲಾವಿದರಿಗೆ ಬಿಟ್ಟಳು. ಯಾಕೆ ಎಂದು ಕೇಳಿದರೆ, "ಬೇರೆಯವರು ಹೇಗೆ ಕೆಲಸ ಮಾಡ್ತಾರೆ ಅಂತ ನೋಡ್ಬೇಕು" ಎನ್ನುತ್ತಿದ್ದಳು. ಊಟ, ಹಾಸಿಗೆ, ದುರಸ್ತಿಯ ಖರ್ಚನ್ನು ಯುರೋಪಿನ ಒಂದು ನಿಧಿ ಕೊಡುತ್ತಿತ್ತು. ಈ ವರ್ಷ ಅದು ಕೈಬಿಟ್ಟಿತು. ಅಷ್ಟರಲ್ಲಿ ಮಂಗೋಲಿಯಾದ ಸರ್ನಾಯ್, ಉಣ್ಣೆಯನ್ನು ಬಡಿದು ಗೋಡೆಯಷ್ಟು ದೊಡ್ಡ ಚಿತ್ರ ಮಾಡುವವಳು, ವಿಮಾನದ ಟಿಕೆಟ್ ಕೊಂಡಾಗಿತ್ತು. ಹಣ ಒದಗದಿದ್ದರೆ ಅವಳಿಗೆ ಬರಬೇಡ ಎನ್ನಬೇಕಿತ್ತು.

ವಾರ್ಸಿನಿ ಓಣಿಯ ಹೆಂಗಸರ ಅರಿಸಾನ್‌ನಲ್ಲಿ ವಿಷಯ ಎತ್ತಿದಳು. ಅಲ್ಲಿ ಎಲ್ಲರೂ ತಿಂಗಳಿಗೊಮ್ಮೆ ಹಣ ಹಾಕುತ್ತಾರೆ; ಶೀಶೆ ಅಲ್ಲಾಡಿಸಿದಾಗ ಯಾರ ಹೆಸರಿನ ಚೀಟಿ ಉದುರುತ್ತದೋ ಅವರು ಅಷ್ಟನ್ನೂ ಒಯ್ಯುತ್ತಾರೆ; ಒಯ್ದವರು ಮುಂದಿನ ತಿಂಗಳು ಎಲ್ಲರನ್ನೂ ಕರೆದು ಉಣಿಸಬೇಕು. ವಾರ್ಸಿನಿ ತನ್ನ ಸರದಿ ಆಗಲೇ ಮುಗಿಸಿದ್ದಳು; ಅವಳ ಹೆಸರಿಗೆ ಮತ್ತೆ ಹಣ ಬರುವಂತಿರಲಿಲ್ಲ.

"ಸರ್ನಾಯ್‌ನ ಸೇರಿಸ್ಕೊಳ್ಳಿ, ಈ ತಿಂಗಳ ಹಣ ಅವಳಿಗೆ ಕೊಡಿ. ಅವಳ ಕಂತು ಕೊನೇವರೆಗೂ ನಾನು ಕಟ್ತೀನಿ."

ಹಣ ನೋಡಿಕೊಳ್ಳುವ ಬು ತುಮಿರಾ ತಿನ್ನುತ್ತಿದ್ದ ಕರಿದ ಸೋಯಾ ತೆಂಪೆಯನ್ನು ಕೆಳಗಿಟ್ಟಳು. "ಊಟ ಹಾಕೋರು ಯಾರು?"

"ನಾನೇ ಹಾಕ್ತೀನಿ."

"ನಿಮ್ಮ ಅಡುಗೆ ಉಂಡು ಉಂಡು ನಾಲಿಗೆ ಜಡ್ಡುಗಟ್ಟಿದೆ. ಹಣ ತಗೊಂಡೋರೇ ಹಾಕ್ಬೇಕು."

ಹೆಂಗಸರು ನಕ್ಕರು. ವಾರ್ಸಿನಿ ನಗಲಿಲ್ಲ. "ಅತಿಥಿ ಕೈಲಿ ಅಡುಗೆ ಮಾಡಿಸೋದಾ ಬು?"

"ನಿಮಗೆ ಅತಿಥಿ. ನಮಗೆ ಯಾರು? ಇಷ್ಟು ವರ್ಷ ಎಷ್ಟೋ ಜನ ಬಂದ್ರು, ಒಬ್ಬರಾದ್ರೂ ನಮ್ಮನ್ನ ಒಳಗೆ ಕರೆದ್ರಾ? ಒಬ್ಬ ತಿಂಗಳೆಲ್ಲಾ ಬಾಳೆ ನಾರು ಒಣಗಿಸ್ದ. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

ಓಣಿಗೆ ಇದರಿಂದ ಏನು ಪ್ರಯೋಜನ ಎಂದು ನಿಧಿಯವರು ಪ್ರತಿವರ್ಷ ಕೇಳುತ್ತಿದ್ದರು. ವಾರ್ಸಿನಿ ಪ್ರತಿವರ್ಷ ಚೆನ್ನಾಗಿ ಬರೆದು ಕಳಿಸುತ್ತಿದ್ದಳು. ತುಮಿರಾಳನ್ನು ಮಾತ್ರ ಎಂದೂ ಕೇಳಿರಲಿಲ್ಲ.

ವಾರ್ಸಿನಿ ಅಲ್ಲೇ ಕೂತು ಸರ್ನಾಯ್‌ಗೆ ಫೋನು ಮಾಡಿದಳು. ಹರಕು ಇಂಗ್ಲಿಷಿನಲ್ಲಿ ಮಾತಾಡಿ ಎಲ್ಲರತ್ತ ತಿರುಗಿದಳು. "ಒಪ್ಪಿದ್ಲು. ಕುರಿ ಮಾಂಸದ ಕಡುಬು ಮಾಡ್ತಾಳಂತೆ. ಜೊತೆಗೆ ಹಾಲಿನ ಚಹಾ, ಉಪ್ಪು ಹಾಕಿ."

"ಚಹಾಕ್ಕೆ ಉಪ್ಪಾ?" ಮೂಲೆಯಿಂದ ಯಾರೋ ಕೇಳಿದರು. "ಪಾಪ, ಅವರ ದೇಶದಲ್ಲಿ ಸಕ್ಕರೆ ಸಿಗಲ್ವೇನೋ."

"ಮಾಂಸ ಹಲಾಲ್ ಆಗಿರ್ಬೇಕು, ನಮ್ಮ ಹಾಜಿ ಅಂಗಡೀಲೇ ತರಬೇಕು, ಹೇಳಿ," ಎಂದಳು ತುಮಿರಾ. "ಆ ಉಣ್ಣೆ ಹೇಗೆ ಬಡೀತಾಳೆ, ಅದನ್ನೂ ನಮಗೆ ತೋರಿಸ್ಬೇಕು."

"ತೋರಿಸ್ತಾಳೆ."

"ನೀವೇ ಹೇಳ್ಬೇಡಿ. ಅವಳನ್ನ ಕೇಳಿ."

ವಾರ್ಸಿನಿ ಕೇಳಿದಳು. ಉತ್ತರ ಉದ್ದಕ್ಕೆ ಬಂತು. "ಅದು ಒಬ್ಬಳ ಕೈಲಾಗೋ ಕೆಲಸ ಅಲ್ವಂತೆ. ಅವರಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಸೇರಿ ಒದ್ದೆ ಉಣ್ಣೇನ ಸುತ್ತಿ ಉರುಳಿಸ್ತಾರಂತೆ. ನೀವು ಬರ್ತೀರಾ ಅಂತ ಅವಳೇ ಕೇಳ್ತಿದಾಳೆ."

ತುಮಿರಾ ಶೀಶೆಯನ್ನು ಅಲ್ಲಾಡಿಸದೆ ಬದಿಗಿಟ್ಟು, ಹಣದ ಚೀಲವನ್ನು ವಾರ್ಸಿನಿಯತ್ತ ತಳ್ಳಿದಳು.

"ಭುಜ ನೋವಿರೋರು ಸುಮ್ನೆ ಕೂತು ನೋಡಬಹುದಾ, ಅದನ್ನೂ ಕೇಳಿ."