ಹದಿಮೂರನೇ ಪುಟ ಗೋಡೆಯ ಮೇಲಿತ್ತು

ಪಿಲ್‌ನಾಮ್ ಶಾಲೆಗೆ ಹೋದದ್ದು ಎರಡೇ ವರ್ಷ. ಓದು ಬಂದದ್ದು ನಲವತ್ತು ದಾಟಿದ ಮೇಲೆ, ಊರವರ ಮನೆಯ ಗೋಡೆಗಳ ಮೇಲೆ. ಗೋಡೆಗೆ ಕಾಗದ ಅಂಟಿಸುವುದು ಅವಳ ಕಸುಬು. ಬಣ್ಣದ ಕಾಗದ ಅಂಟಿಸುವ ಮೊದಲು ಒರಟು ಗೋಡೆಗೆ ಪತ್ರಿಕೆಯ ಹಾಳೆಗಳನ್ನು ಅಂಟಿಸಿ ನುಣುಪು ಮಾಡಿಕೊಳ್ಳಬೇಕು. ಅಂಟು ಸವರಿದ ಹಾಳೆ ಹಿಡಿದು ಏಣಿಯ ಮೇಲೆ ನಿಂತು, ಅಕ್ಷರ ಕೂಡಿಸಿ ಓದುತ್ತ ಅಂಟು ಒಣಗಿಹೋಗಿ, ಕೆಲಸ ಕಲಿಸಿದ ಮೇಸ್ತ್ರಿಯಿಂದ ಅವಳು ಎಷ್ಟು ಸಲ ಬೈಸಿಕೊಂಡಿದ್ದಳೋ. ಹಾಗಾಗಿ ಅಚ್ಚಾದ ಮಾತೆಂದರೆ ಅವಳಿಗೆ ಮೇಷ್ಟರ ಮಾತು. ಹಾಳೆಯನ್ನು ಕಾಲಲ್ಲಿ ಕೂಡ ತುಳಿಯುತ್ತಿರಲಿಲ್ಲ.

ಆ ವರ್ಷ ಅವಳಿಗೆ ಅರವತ್ತಮೂರು. ಮಗಳು ಬೊರಾಳ ಮದುವೆಗೆ ಮೂರು ವಾರವಿತ್ತು. ಹುಡುಗ ಇನ್‌ಗ್ಯು ಊರಿನ ಹಡಗು ಕಾರ್ಖಾನೆಯಲ್ಲಿ ಬೆಸುಗೆಯವನು. ಕಬ್ಬಿಣದ ಸಾಮಾನಿನ ಅಂಗಡಿಯ ಮೇಲೆ ಇಬ್ಬರಿಗೂ ಒಂದು ಬಾಡಿಗೆ ಕೋಣೆ ಗೊತ್ತಾಗಿತ್ತು. ಆ ಕೋಣೆಯ ಗೋಡೆ ನನ್ನ ಉಡುಗೊರೆ, ಬೇರೆ ಯಾರ ಕೈಯೂ ತಾಗಬಾರದು ಎಂದು ಪಿಲ್‌ನಾಮ್ ಮೊದಲೇ ಹೇಳಿಟ್ಟಿದ್ದಳು.

ಮಂಗಳವಾರ ಬೆಳಿಗ್ಗೆ ಹಳೆಯ ಹಾಳೆಗಳು ಸಾಲದೆ ಬಂದು, ಅಂದಿನ ಪತ್ರಿಕೆಯನ್ನೇ ಬಿಡಿಸಿ ಒಳಪುಟಗಳನ್ನು ಅಂಟಿಸಿದಳು. ಮುಖಪುಟವನ್ನು ಮಾತ್ರ ಬದಿಗಿಟ್ಟಳು. ಅದರಲ್ಲಿ ಬಣ್ಣದ ಚಿತ್ರವಿರುತ್ತದೆ, ಅಂಟಿನ ತೇವಕ್ಕೆ ಆ ಬಣ್ಣ ತಿಳಿಬಣ್ಣದ ಕಾಗದದ ಮೇಲೆ ಎದ್ದು ಕಾಣುತ್ತದೆ. ಈ ಕಸುಬಿನವರು ಯಾರೂ ಮುಖಪುಟ ಬಳಸುವುದಿಲ್ಲ. ಮಧ್ಯಾಹ್ನ ಅನ್ನ, ಕಿಮ್ಚಿ ಬಿಚ್ಚಿಕೊಂಡು ಕೂತಾಗ ಅದನ್ನು ತೊಡೆಯ ಮೇಲೆ ಹರಡಿಕೊಂಡಳು. ಬೆರಳುದ್ದದ ಅಕ್ಷರ: ‘ಹಡಗು ಕಾರ್ಖಾನೆ: ಮುಂದಿನ ಬೇಸಿಗೆಗೆ ನೂರಕ್ಕೆ ಮೂವತ್ತು ಮಂದಿಗೆ ಕೆಲಸವಿಲ್ಲ.’

ಅನ್ನ ಹಾಗೇ ಉಳಿಯಿತು.

ಸಂಜೆ, ಊರ ಹೆಂಗಸರೆಲ್ಲ ಸೇರುವ ಸಾರ್ವಜನಿಕ ಸ್ನಾನದ ಮನೆಯಲ್ಲಿ ಅದೇ ಮಾತು. ಮೀನು ಮಾರುವ ದಕ್‌ಜಾ ಅವಳ ಬೆನ್ನುಜ್ಜಲು ಕೂತಳು. ಇಬ್ಬರೂ ಮೂವತ್ತು ವರ್ಷದಿಂದ ಒಬ್ಬರ ಬೆನ್ನು ಒಬ್ಬರು ಉಜ್ಜಿಕೊಂಡು ಬಂದವರು.

"ಬೊರಾಳ ಅಮ್ಮ, ಏನೇ ಮುಖ ಹೀಗಾಗಿದೆ, ಉಪ್ಪು ಹಾಕಿಟ್ಟ ಎಲೆಕೋಸಿನ ಹಾಗೆ?"

"ಪೇಪರ್ ನೋಡಿದ್ಯಾ?"

"ಬೆಳಿಗ್ಗೆಯಿಂದ ಅದರಲ್ಲೇ ಮೀನು ಸುತ್ತಿ ಕೊಡ್ತಿದೀನಿ. ಮೀನಿಗೇನೂ ಭಯ ಆದ ಹಾಗೆ ಕಾಣ್ಲಿಲ್ಲ."

ಬಿಸಿನೀರಿನ ತೊಟ್ಟಿಯಲ್ಲಿದ್ದವಳೊಬ್ಬಳು, ಅವಳ ಗಂಡ ಕಾರ್ಮಿಕ ಸಂಘದವನು, ಕತ್ತು ಹೊರಗೆ ಹಾಕಿದಳು. "ಅದು ಸಾಹುಕಾರರ ಪೇಪರ್. ಹೆದರಿಸಿ ಸಂಬಳ ಇಳಿಸೋಕೆ ಬರೆಸಿದ್ದು. ನಾವು ಇವತ್ತೇ ಪೇಪರ್ ಹಾಕೋದು ಬೇಡ ಅಂದ್ವಿ."

"ನೀವು ಬೇಡ ಅಂದ್ರೆ ಹಡಗು ಬರುತ್ತಾ?" ಎಂದಳು ಮೂಲೆಯ ಮುದುಕಿ. "ನನ್ನ ಮಗ ಇರೋ ಕಡೆ ಹಡಗು ಕಟ್ಟೋ ಎರಡು ಕಟ್ಟೆ ಖಾಲಿ ಬಿದ್ದಿವೆ. ಕಣ್ಣಿಗೆ ಕಂಡದ್ದು ಬರೆದ, ಪಾಪ."

"ಹೋದ ವರ್ಷವೂ ಬರೆದಿದ್ದ. ಏನಾಯ್ತು?"

"ಏನೂ ಆಗದೆ ಇದ್ದದ್ದು ನಿನ್ನ ಗಂಡನಿಗೆ ಕಣೇ. ನಮ್ಮ ಓಣಿಯಲ್ಲಿ ಕೇಳಿ ನೋಡು."

ಇಡೀ ಊರೇ ಹೀಗೆ ಎರಡಾಗಿತ್ತು. ಈ ಗಲಾಟೆಯ ನಡುವೆ ಪಿಲ್‌ನಾಮ್ ಮೆಲ್ಲಗೆ, "ಮದುವೆ ಮುಂದಕ್ಕೆ ಹಾಕೋಣ ಅಂತಿದೀನಿ" ಎಂದಳು. ಬೆನ್ನ ಮೇಲಿನ ಕೈ ನಿಂತಿತು. ದಕ್‌ಜಾಗೆ ಕಾರಣ ಗೊತ್ತಿತ್ತು.

ಪಿಲ್‌ನಾಮಳ ಗಂಡ ಸಾಂಗ್‌ಮಾನ್ ಅದೇ ಕಾರ್ಖಾನೆಯಲ್ಲಿ ಹಡಗಿಗೆ ಬಣ್ಣ ಬಳಿಯುತ್ತಿದ್ದ. ಇಪ್ಪತ್ತು ವರ್ಷಕ್ಕೂ ಹಿಂದೆ, ದೇಶದ ತುಂಬ ಜನರ ಕೆಲಸ ಹೋದ ಒಂದು ಚಳಿಗಾಲದ ಮೊದಲು ಅವರ ಮನೆಗೆ ಬರುತ್ತಿದ್ದ ಪತ್ರಿಕೆ, ಹೆದರುವಂಥದ್ದೇನಿಲ್ಲ ಎಂದೇ ಬರೆಯುತ್ತಿತ್ತು. ಸಾಂಗ್‌ಮಾನ್ ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದ. ಆಮೇಲೆ ಅವನ ಕೆಲಸ ಹೋಯಿತು. ಅವನು ಹೇಳಲಿಲ್ಲ. ದಿನಾ ಬೆಳಿಗ್ಗೆ ಕಾರ್ಖಾನೆಯ ಅಂಗಿ ತೊಟ್ಟು, ಅವಳು ಕಟ್ಟಿಕೊಟ್ಟ ಬುತ್ತಿ ಹಿಡಿದು ಹೊರಡುತ್ತಿದ್ದ. ಸಂಜೆ ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಐವತ್ತು ದಿನ. ಗುಡ್ಡಕ್ಕೆ ಸೌದೆಗೆ ಹೋದ ದಕ್‌ಜಾ, ಹಿಮ ಕೂತ ಬಂಡೆಯ ಮೇಲೆ ಒಬ್ಬನೇ ತಣ್ಣಗಿನ ಅನ್ನ ತಿನ್ನುತ್ತಿದ್ದವನನ್ನು ಕಂಡು ಬಂದು ಹೇಳಿದಳು. ಮರುದಿನ ಪಿಲ್‌ನಾಮ್ ಬುತ್ತಿಯಲ್ಲಿ ಒಂದರ ಬದಲು ಎರಡು ಮೊಟ್ಟೆ ಇಟ್ಟಳು. ಅವನು ಸಂಜೆ ಡಬ್ಬಿ ತೊಳೆಯುತ್ತ ನಿಂತವನು ತಿರುಗಲೇ ಇಲ್ಲ; ಅವಳಿಗೆ ಗೊತ್ತಾಗಿದೆ ಎಂದು ಆ ಎರಡನೇ ಮೊಟ್ಟೆಯೇ ಹೇಳಿತ್ತು. ಆಮೇಲೆ ಅವಳು ಗೋಡೆಯ ಕೆಲಸ ಹಿಡಿದಳು, ಅವನು ಅವಳಿಗೆ ಅಂಟು ಕಲಸಿಕೊಡುತ್ತಿದ್ದ, ಸಾಯುವ ತನಕ. ಗಂಟಿಲ್ಲದ ಅಂಟು. ಅಂಥದ್ದು ಈಗ ಯಾರ ಕೈಯಲ್ಲೂ ಬರುವುದಿಲ್ಲ.

ಒಳ್ಳೆಯದು ಬರೆದಾಗ ನಂಬಿ ಕೆಟ್ಟಿದ್ದಾಯಿತು, ಕೆಟ್ಟದ್ದು ಬರೆದಾಗಲಾದರೂ ನಂಬದಿದ್ದರೆ ಹೇಗೆ ಎಂಬುದು ಅವಳ ಲೆಕ್ಕ.

ಮನೆಯಲ್ಲಿ ಬೊರಾ ಎಲ್ಲ ಕೇಳಿಸಿಕೊಂಡು, "ಮುಂದಕ್ಕೆ ಅಂದ್ರೆ ಎಲ್ಲಿವರೆಗೆ?" ಎಂದಳು.

"ಬೇಸಿಗೆ ಕಳೀಲಿ."

"ಬೇಸಿಗೆಯಲ್ಲಿ ಪೇಪರಿನವರು ಚಳಿಗಾಲದ ಸುದ್ದಿ ಬರೀತಾರೆ. ಆಗ?"

"ನಾನು ಕಂಡದ್ದು ನೀನು ಕಾಣಬಾರದು, ಅಷ್ಟೇ."

"ಅಪ್ಪನ ಡಬ್ಬಿ ನಾನೂ ನೋಡಿದೀನಿ ಅಮ್ಮ." ಅಷ್ಟು ಹೇಳಿ ಹುಡುಗಿ ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಬೆಳಿಗ್ಗೆ ಪಿಲ್‌ನಾಮ್ ಮುಖಪುಟವನ್ನು ಬಿಡಿಸಿ, ಬರೆದವನ ಹೆಸರಿನ ಕೆಳಗಿದ್ದ ನಂಬರಿಗೆ ಫೋನ್ ಮಾಡಿದಳು. ಎತ್ತಿದವನದು ಹುಡುಗನ ದನಿ, ದಣಿದದ್ದು. ನಿನ್ನೆಯಿಂದ ಬರೀ ಬೈಗುಳ ಕೇಳಿದವನ ಹಾಗಿತ್ತು.

"ನಾನು ಬಯ್ಯೋಕೆ ಮಾಡಿಲ್ಲಪ್ಪ. ಈ ಮೂವತ್ತು ಅನ್ನೋದನ್ನ ಯಾರು ಎಣಿಸಿದ್ರು ಅಂತ ಕೇಳೋಣ ಅಂತ."

"ಒಂದು ಸಂಶೋಧನಾ ಸಂಸ್ಥೆಯವರ ಅಂದಾಜು, ಅಜ್ಜಿ."

"ಅಜ್ಜಿ ಅನ್ಬೇಡ, ಇನ್ನೂ ಏಣಿ ಹತ್ತೀನಿ. ಅಂದಾಜು ಅಂದ್ರೆ?"

"ಹೊಸ ಹಡಗಿನ ಕೆಲಸ ಸಿಕ್ಕರೆ ನೂರಕ್ಕೆ ಎಂಟು, ಸಿಗದಿದ್ರೆ ಮೂವತ್ತು ಅಂತ ಹೇಳಿದ್ರು. ಎರಡೂ ಬರೆದಿದೀನಿ ಅಮ್ಮ."

"ಎಂಟು ಎಲ್ಲಿದೆ? ಇಲ್ಲಿಲ್ಲ."

"ತಲೆಬರಹದಲ್ಲಿ ಒಂದಕ್ಕೇ ಜಾಗ. ಅದನ್ನ ನಾನು ಇಡೋದಲ್ಲ, ಮೇಲಿನವರು ಇಡ್ತಾರೆ. ಎಂಟು ಹದಿಮೂರನೇ ಪುಟದಲ್ಲಿದೆ. ನೀವು ನೋಡಿದ ಹಾಳೆಯ ಕೆಳಗೆ ಬರೆದಿರುತ್ತೆ, ಮುಂದಿನದು ಅಲ್ಲಿ ಅಂತ."

ನೋಡಿದಳು. ಇತ್ತು, ಸಾಸಿವೆಯಷ್ಟು ಅಕ್ಷರದಲ್ಲಿ.

"ಹದಿಮೂರು ನನ್ನ ಹತ್ರ ಇಲ್ಲ. ಗೋಡೆಗೆ ಹಚ್ಚಿಬಿಟ್ಟೆ."

"ನಿನ್ನೆಯಿಂದ ಸುಟ್ಟೆ, ಹರಿದೆ ಅಂದವರೇ ಎಲ್ಲ. ಇದು ವಾಸಿ" ಎಂದ.

"ಯಾವುದು ಆಗುತ್ತೆ ಮಗ, ಎಂಟಾ, ಮೂವತ್ತಾ?"

"ಗೊತ್ತಿಲ್ಲಮ್ಮ. ಹೇಳಿದವರಿಗೂ ಗೊತ್ತಿಲ್ಲ. ಅದನ್ನೂ ಬರೆದಿದೀನಿ, ಕೊನೇ ಸಾಲಿನಲ್ಲಿ."

ಕೋಣೆಗೆ ಬಂದಾಗ ಇನ್‌ಗ್ಯು ಆಗಲೇ ಅಲ್ಲಿದ್ದ. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ. ಬೊರಾ ಹೇಳಿರಬೇಕು. ತೋಳು ಮಡಚಿ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅಂಟು ಕಲಸುತ್ತಿದ್ದ. ಅವಳು ಒಂದೊಂದೇ ಗೋಡೆ ಹುಡುಕಿದಳು. ಹದಿಮೂರನೇ ಪುಟ ಸೂರಿನ ಹತ್ತಿರ, ಕಪಾಟು ಬರುವ ಜಾಗದ ಮೇಲೆ, ತಲೆಕೆಳಗಾಗಿ ಅಂಟಿತ್ತು. ಏಣಿ ಹತ್ತಿ, ಕತ್ತು ಪೂರಾ ವಾಲಿಸಿ ಓದತೊಡಗಿದಳು.

"ಅಮ್ಮ, ಬೀಳ್ತೀರಿ" ಎಂದು ಅವನು ಬಂದು ಏಣಿ ಹಿಡಿದ.

ಎಂಟು ಇತ್ತು. ಕೊನೆಯ ಸಾಲೂ ಇತ್ತು. ಅವಳು ಎರಡು ಸಲ ಓದಿದಳು. ಆಮೇಲೆ ಏಣಿಯ ಮೇಲಿಂದಲೇ ಕೇಳಿದಳು. "ನೀನು ಎಂಟರಲ್ಲೋ, ಮೂವತ್ತರಲ್ಲೋ, ಉಳಿದವರಲ್ಲೋ?"

"ಗೊತ್ತಿಲ್ಲಮ್ಮ. ನಮ್ಮ ಕಡೆ ಕೆಲಸ ಕಡಿಮೆ ಆಗ್ತಿದೆ, ಅದು ನಿಜ. ಹೋದರೂ ಹೋಗಬಹುದು." ಏಣಿ ಬಿಡಲಿಲ್ಲ ಅವನು. "ಮದುವೆ ನಿಲ್ಲಿಸ್ತೀರಾ?"

ಹೋಗುವುದಿಲ್ಲ ಎಂದು ಅವನು ಆಣೆ ಹಾಕಿದ್ದರೆ ಅವಳು ನಂಬುತ್ತಿರಲಿಲ್ಲ. ಹೋದರೂ ಹೋಗಬಹುದು ಎಂದನಲ್ಲ, ಆ ಮಾತು ಅವಳ ಎದೆಗೆ ತಾಗಿತು. ಇಷ್ಟನ್ನು ಸಾಂಗ್‌ಮಾನ್‌ಗೆ ಹೇಳಲಾಗಿರಲಿಲ್ಲ. ಕೆಲಸ ಹೋದದ್ದಕ್ಕಿಂತ ಆ ಐವತ್ತು ಡಬ್ಬಿಗಳೇ ತನ್ನನ್ನು ಇಷ್ಟು ವರ್ಷ ಕೊರೆದದ್ದು ಎಂದು ಏಣಿಯ ಮೇಲೆ ನಿಂತು ಅವಳಿಗೆ ತಿಳಿಯಿತು.

"ಹೋದ ದಿನವೇ ಮನೆಗೆ ಬಂದು ಹೇಳ್ತೀಯಾ? ಆವತ್ತೇ, ಬೂಟು ಬಿಚ್ಚೋ ಮೊದಲು?"

"ಹೇಳ್ತೀನಿ."

"ಗುಡ್ಡ ಹತ್ತೋ ಹಾಗಿಲ್ಲ."

"ನನಗೆ ಮಂಡಿ ನೋವಮ್ಮ. ಗುಡ್ಡ ಎಲ್ಲಿ ಹತ್ತಲಿ?"

ಪಿಲ್‌ನಾಮ್ ಇಳಿದು ಬಂದು ಬಕೆಟ್ಟಿಗೆ ಕೈ ಹಾಕಿ ನೋಡಿದಳು. ಅಂಟಿನ ತುಂಬ ಗಂಟು. "ಇದೇನು, ಕಡುಬಿನ ಸಾರಾ?" ಎಂದು, ಅವನ ಪಕ್ಕದಲ್ಲೇ ಕೂತು, ಬೆರಳಿನಲ್ಲಿ ಒಂದೊಂದೇ ಗಂಟು ಹಿಸುಕಿ ತೋರಿಸಿದಳು. ಅವರು ಹೀಗೆ ಮಾಡುತ್ತಿದ್ದರು, ನೋಡಿಕೋ ಎಂದಳು. ಮುಂದಿನ ಗಂಟನ್ನು ಅವನೇ ಹಿಸುಕಿದ.

ಮಧ್ಯಾಹ್ನ ಬೊರಾ ಊಟ ತಂದಾಗ, ಅಮ್ಮ ಜೇಬಿನಿಂದ ಮುಖಪುಟ ತೆಗೆದು ಅಂಟು ಸವರುತ್ತಿದ್ದಳು.

"ಅಮ್ಮ, ಬಣ್ಣ ಏಳುತ್ತೆ ಅಂತ ನೀನೇ ಹೇಳೋದು."

"ಏಳಲಿ. ಕಪಾಟಿನ ಹಿಂದೆ ಯಾರು ನೋಡ್ತಾರೆ."

ಹದಿಮೂರನೇ ಪುಟದ ಕೆಳಗೆ, ಅಂಚಿಗೆ ಅಂಚು ಕೂಡಿಸಿ, ಬುರುಸಿನಿಂದ ನೇವರಿಸಿ ಅದನ್ನು ಅಂಟಿಸಿದಳು. ಮೂವತ್ತರ ಮೇಲೆ ಎಂಟು ಕೂತಿತು. ಒಂದು ನೆಟ್ಟಗೆ, ಒಂದು ತಲೆಕೆಳಗೆ. ಆಮೇಲೆ ತಿಳಿಹಳದಿ ಕಾಗದದ ಸುರುಳಿ ಬಿಚ್ಚಿದಳು. ಇನ್‌ಗ್ಯು ಮೇಲಿನ ತುದಿ ಹಿಡಿದ, ಬೊರಾ ಕೆಳಗಿನದು.

"ಎಳೀಬೇಡಿ ಇಬ್ಬರೂ" ಎಂದಳು ಪಿಲ್‌ನಾಮ್. "ಒದ್ದೆ ಕಾಗದ. ಸುಮ್ಮನೆ ಹಿಡ್ಕೊಂಡಿರಿ ಸಾಕು."