ಉಳ್ಳಾಗಡ್ಡಿ ಸಿಪ್ಪೆ ಬಣ್ಣದ ಹನ್ನೆರಡು ಸೀರೆ

ನನ್ನ ಹೆಂಡತಿ ಬಾಗಲಕೋಟೆಯಿಂದ ಇಲಕಲ್ಲಿಗೆ ಸೊಸೆಯಾಗಿ ನಡೆಯಲು ಬಂದಾಗ ಟ್ರಂಕಿನ ತಳದಲ್ಲಿ ಒಂದು ಹಳೆಯ ಕ್ಯಾಲೆಂಡರ್ ತಂದಿದ್ದಳು. ತಲೆಗೆ ಹಚ್ಚುವ ಎಣ್ಣೆಯ ಕಂಪನಿಯದು. ತಾರೀಖಿನ ಹಾಳೆಗಳೆಲ್ಲ ಹರಿದುಹೋಗಿ ಮೇಲಿನ ಚಿತ್ರವಷ್ಟೇ ಉಳಿದಿತ್ತು: ಉದ್ದ ಕೂದಲಿನ ಹೆಣ್ಣುಮಗಳೊಬ್ಬಳು ಕಿಟಕಿಯ ಹತ್ತಿರ ನಿಂತು ನಗುತ್ತಿದ್ದಾಳೆ, ಕೈಯಲ್ಲಿ ಎಣ್ಣೆಯ ಶೀಸೆ. ಆ ಚಿತ್ರ ಗೋಡೆಗೆ ಬಂದ ಮೇಲೆ ಅವಳ ತವರಿನವರೆಲ್ಲ ಗಾಣದ ಎಣ್ಣೆ ಬಿಟ್ಟು ಶೀಸೆಯ ಎಣ್ಣೆ ಹಚ್ಚತೊಡಗಿದ್ದರಂತೆ. ಇವಳ ಕಣ್ಣು ಮಾತ್ರ ಎಣ್ಣೆಯ ಮೇಲಿರಲಿಲ್ಲ, ಆ ಹೆಣ್ಣಿನ ಸೀರೆಯ ಮೇಲಿತ್ತು. ಗುಲಾಬಿಯೂ ಅಲ್ಲದ, ಕಂದೂ ಅಲ್ಲದ ಒಂದು ತೆಳು ಬಣ್ಣ.

ಅವಳು ತೀರಿಹೋಗಿ ಎರಡು ತಿಂಗಳಾದವು. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯವರೆಗೆ ಕಲಿತವನು. ದುಃಖದ ಬಗ್ಗೆ ಬರೆಯಲು ನನ್ನ ಹತ್ತಿರ ಮಾತಿಲ್ಲ. ಆದರೆ ಆ ಬಣ್ಣದ ಸೀರೆಗಳ ಸಂಗತಿ ನೆನಪಾದರೆ ಈಗಲೂ ಎದೆ ಜಿಗಿಯುತ್ತದೆ. ಅದನ್ನಾದರೂ ಬರೆಯಬಲ್ಲೆ ಅನ್ನಿಸಿತು.

ನಾವಾಗ ಇನ್ನೂ ಮುಂಬೈ ಪ್ರಾಂತದಲ್ಲಿದ್ದೆವು. ಮನೆಯಲ್ಲಿ ಎರಡು ಕುಣಿ ಮಗ್ಗ, ಒಂದು ಅಪ್ಪನದು, ಒಂದು ನನ್ನದು. ನೂಲಿಗೆ ಬಣ್ಣ ಹಾಕುವುದೂ ಅಪ್ಪನೇ. ಹೊಸ ಸೊಸೆ ಬಂದು ಆರು ತಿಂಗಳಾಗಿರಲಿಲ್ಲ, ಒಂದು ದಿನ ಅವಳು ಆ ಚಿತ್ರವನ್ನು ಅವ್ವನ ಕೈಯಲ್ಲಿ ಕೊಟ್ಟು ಅಪ್ಪನಿಗೆ ತೋರಿಸಲು ಕಳಿಸಿದಳು. ಇಂಥ ಸೀರೆಗೆ ಮಗ್ಗದಲ್ಲಿ ಒಂದು ಹಾಸು ನೂಲು ಹೂಡಬಾರದೇ ಎಂದು ಅವ್ವನ ಬಾಯಿಂದ ಕೇಳಿಸಿದಳು.

ಅವ್ವ ನಕ್ಕಳು. "ಉಳ್ಳಾಗಡ್ಡಿ ಸಿಪ್ಪಿ ಕಂಡಂಗ ಕಾಣತೈತಿ. ಹೊಸಾ ಸೀರಿ ಉಟ್ರೂ ಹಳೇದ ಉಟ್ಟಾಳ ಅಂತಾರ!"

ಅಪ್ಪ ನಗಲಿಲ್ಲ. ಅವನ ಅಡ್ಡಿ ಬೇರೆಯದಿತ್ತು. ನಮ್ಮೂರಿನ ಸೀರೆಗೆ ಸೆರಗು ಕೆಂಪು ರೇಷ್ಮೆಯದೇ ಆಗಬೇಕು. ಆ ಕೆಂಪು ಮೊದಲ ಒಗೆತದಲ್ಲಿ ಸ್ವಲ್ಪವಾದರೂ ಬಿಡುತ್ತದೆ. ಮೈ ಗಾಢ ಹಸಿರೋ ನೀಲಿಯೋ ಇದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ತೆಳು ಮೈಯಾದರೆ ಒಂದು ಹನಿ ಹರಿದರೂ ಸೀರೆ ಕೆಟ್ಟಂತೆ. ಹಾಗಾಗಿ ಯಾರೂ ಅಂಥ ಬಣ್ಣದ ಗೊಡವೆಗೆ ಹೋಗುತ್ತಿರಲಿಲ್ಲ.

ಆದರೂ ಅಪ್ಪ ಚಿತ್ರವನ್ನು ಕೆಳಗಿಡಲಿಲ್ಲ. ನಾಲ್ಕು ದಿನ ಮಗ್ಗದ ಪಕ್ಕದಲ್ಲೇ ಇಟ್ಟುಕೊಂಡು ನೋಡಿದ. ಐದನೆಯ ದಿನ ಒಳಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ: "ಹನ್ನೆರಡು ಸೀರಿ ನೇಯೋಣು. ಮಾರಿ ಹೋದ್ರ ಹೋದುವು. ಹೋಗಲಿಲ್ಲಂದ್ರ ಮಗ್ಗದ ಮಾತಿನಾಗ ಸೊಸಿ ಇನ್ನ ಬಾಯಿ ಹಾಕಬಾರದು. ಕಂಡಿಕಿಗೆ ನೂಲು ಸುತ್ತಿಕೋತ ಕುಂದ್ರಬೇಕು."

ಬಾಗಿಲ ಹಿಂದಿನಿಂದ ಉತ್ತರ ಬಂತು. "ಆಗ್ಲಿರಿ ಮಾವ."

ಅಪ್ಪ ಕೆಂಪು ರೇಷ್ಮೆಯನ್ನು ನೀರು ತಿಳಿಯಾಗುವ ತನಕ ಜಾಲಿಸಿದ. ನಾವಿಬ್ಬರೂ ಕೂಡಿ ಹನ್ನೆರಡು ಸೀರೆ ನೇಯ್ದೆವು. ಸೀರೆ ವ್ಯಾಪಾರಿಯೊಬ್ಬರ ಅಂಗಡಿಗೆ ಒಯ್ದರೆ ಅವರು ಮಡಿಕೆಯನ್ನೂ ಬಿಚ್ಚಲಿಲ್ಲ. "ತಮ್ಮಾ, ಇದರ ಸೆರಗಿನ ಕೆಂಪು ಮೈತುಂಬ ಹರಿತೈತಿ. ಗಿರಾಕಿ ಬಂದು ನನ್ನ ಮಾರೀಗೆ ಒಗೀತಾರ" ಅಂದರು. ಎರಡೇ ದಿನದಲ್ಲಿ ಆ ಮಾತು ಓಣಿಯೆಲ್ಲ ತಿರುಗಿತು. ಇವಳು ಮನೆಮನೆಗೆ ಹೋಗಿ ತೋರಿಸಿದಳು. ಎಲ್ಲರೂ ಸೀರೆ ಮುಟ್ಟಿದರು, ಸವರಿದರು, ಚಹಾ ಕೊಟ್ಟು ಕಳಿಸಿದರು.

ಒಂದು ದಿನ ಅವಳು ನನ್ನನ್ನು ಕೇಳಿದಳು. "ರೀ, ಆ ಕ್ಯಾಲೆಂಡರಿನ ಹೆಂಗಸು ಎಣ್ಣಿ ತಗೋರಿ ಅಂತ ಹೇಳ್ತಾಳೇನು?"

"ಇಲ್ಲ. ಸುಮ್ನ ನಿಂತಾಳ."

"ಮತ್ತ ನಾ ಯಾಕ ಮನಿಮನಿ ತಿರುಗಿ ಬಾಯಿ ಒಣಗಿಸ್ಕೊಂಡೆ?"

ಶ್ರಾವಣದ ಸೋಮವಾರ ಬಂತು. ಅವ್ವನಿಗೆ ಮಹಾಕೂಟಕ್ಕೆ ಹೋಗುವ ಹರಕೆಯಿತ್ತು. ಹುನಗುಂದದ ಮೇಲೆ ಬಸ್ಸಿನಲ್ಲಿ ಬಾದಾಮಿಗೆ ಹೋಗಿ, ಅಲ್ಲಿಂದ ನಾವು ಮೂವರೂ ಗುಡ್ಡದ ದಾರಿ ಹಿಡಿದು ನಡೆದೆವು. ಹನ್ನೆರಡರಲ್ಲಿ ಒಂದು ಸೀರೆಯನ್ನು ಅವಳು ಉಟ್ಟಿದ್ದಳು. ತೋರಿಸಿಕೊಂಡು ಬರಲಿ ಎಂದು ನಾನೂ ಸುಮ್ಮನಿದ್ದೆ. ಅವಳ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲ.

ಮಹಾಕೂಟದ ಹೊಂಡ ನೋಡಿದವರಿಗೆ ಗೊತ್ತು, ತಳದ ಕಲ್ಲು ಎಣಿಸುವಷ್ಟು ತಿಳಿ ನೀರು. ಹೆಂಗಸರು ಒಳ್ಳೆಯ ಸೀರೆಯನ್ನು ಗಂಟು ಕಟ್ಟಿ ಮೆಟ್ಟಿಲ ಮೇಲಿಟ್ಟು, ಹಳೆಯದನ್ನು ಉಟ್ಟು ಮುಳುಗುತ್ತಿದ್ದರು. ಇವಳು ಹಳೆಯ ಸೀರೆಯ ಗಂಟು ಬಿಚ್ಚಲೇ ಇಲ್ಲ. ಉಟ್ಟ ಹೊಸ ಸೀರೆಯಲ್ಲೇ ಮೆಟ್ಟಿಲು ಇಳಿದಳು.

ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಕೂಗಿದಳು. "ಏ ತಂಗಿ, ಘಡಿ ಮುರೀದ ಹೊಸಾ ಸೀರಿ ಉಟ್ಟು ನೀರಿಗಿಳೀತಿಯಲ್ಲ, ತಲಿ ನೆಟ್ಟಗೈತಿಲ್ಲೋ?"

"ಬಣ್ಣ ಬಿಡೂದಿದ್ರ ಇಲ್ಲೇ ಬಿಡಲಿ ಬಿಡ ಆಯಿ. ಎಲ್ಲಾರೂ ನೋಡಲಿ!"

ಅಪ್ಪ ಎಷ್ಟು ಜಾಲಿಸಿದ್ದರೂ ರೇಷ್ಮೆಯ ಮಾತು ಯಾರಿಗೆ ಗೊತ್ತು? ನಿಂತವರೆಲ್ಲ ಬಗ್ಗಿ ನೋಡಿದರು. ಅವಳು ಒಂದು ಸಲ ಮುಳುಗಿದಳು. ಎರಡು ಸಲ. ಮೂರನೆಯ ಸಲ ಎದ್ದು ನಿಂತಾಗ ಅವಳ ಸುತ್ತ ನೀರು ಇದ್ದ ಹಾಗೇ ತಿಳಿಯಾಗಿತ್ತು. ತೊಯ್ದ ಬಣ್ಣ ಇನ್ನಷ್ಟು ಗಟ್ಟಿಯಾಗಿ, ಅದರ ಪಕ್ಕದಲ್ಲಿ ಸೆರಗಿನ ಕೆಂಪು ಆಗಷ್ಟೇ ಹೊತ್ತಿಕೊಂಡ ಹಾಗೆ ಕಂಡಿತು. ನೇಯ್ದವನು ನಾನೇ ಆದರೂ ಆ ಸೀರೆ ಹಾಗಿದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಅಷ್ಟರಲ್ಲಿ ಆಚೆ ಬದಿಗೆ ದಾಳಿಂಬೆ ಬಣ್ಣದ ಸೀರೆಯ ಹೆಂಗಸೊಬ್ಬಳು ಇಳಿದಳು. ಅವಳ ಸುತ್ತ ನೀರು ಕೆಂಪಾಯಿತು. "ಅಯ್ಯ, ಅಕ್ಕಾ ಓಕಳಿ ಮಾಡಾಕತ್ತಾಳ ನೋಡ್ರೇ!" ಎಂದು ಯಾರೋ ಅಂದರು. ಮೆಟ್ಟಿಲ ತುಂಬ ನಗು. ಆ ಹೆಂಗಸೂ ನಕ್ಕಳು. ನಗುತ್ತಲೇ ಇವಳ ಹತ್ತಿರ ಬಂದು ಕೇಳಿದಳು. "ಇದು ಯಾ ಬಣ್ಣಾನ ನಮ್ಮವ್ವಾ?"

"ಉಳ್ಳಾಗಡ್ಡಿ ಸಿಪ್ಪಿ ಬಣ್ಣರಿ. ನಮ್ಮತ್ತಿ ಇಟ್ಟ ಹೆಸರು."

ಅವ್ವ ತಬ್ಬಿಬ್ಬಾಗಿ ನನ್ನನ್ನು ನೋಡಿದಳು. ಆಮೇಲೆ ಬಂದವರಿಗೆಲ್ಲ "ಹೌದ್ರಿ, ನಾನ ಇಟ್ಟೇನಿ" ಎಂದು ಹೇಳತೊಡಗಿದಳು. ಗುಡಿ ಬಿಟ್ಟು ಹೊರಡುವಷ್ಟರಲ್ಲಿ ಬಾದಾಮಿಯ ಐದು ಹೆಂಗಸರು ನಮ್ಮ ಮನೆಯ ಗುರುತು ಕೇಳಿಕೊಂಡಿದ್ದರು. ಕುಳಗೇರಿ ಕ್ರಾಸಿನ ಅಂಗಡಿಕಾರನ ಹೆಂಡತಿಯಂತೂ ಹಟ ಹಿಡಿದಳು. "ಮನ್ಯಾಗಿನವು ಬ್ಯಾಡ. ನಂಗ ಇದ ಬೇಕು, ನಿನ್ನ ಮೈಮ್ಯಾಲಿಂದ." ಒಂದೇ ನೂಲು, ಒಂದೇ ಹಂಡೆಯ ಬಣ್ಣ ಎಂದು ನಾನು ಎಷ್ಟು ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಮುಳುಗಿ ಎದ್ದ ಸೀರೆ ಇದೊಂದೇ ಅಲ್ಲವೇ! ಇಲಕಲ್ಲಿಗೆ ಬಂದು ಬೇರೆ ಒಯ್ಯಲಿ ಎಂದು ಒಪ್ಪಿಸುವಷ್ಟರಲ್ಲಿ ಸಾಕಾಯಿತು.

ದಾರಿಯಲ್ಲಿ ನನಗೆ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಬಾದಾಮಿ ಹತ್ತಿರ ಬಂದಾಗ ಅವಳು ಗಂಟಿನಲ್ಲಿದ್ದ ಹಳೆಯ ಸೀರೆ ಉಟ್ಟಳು, ತೊಯ್ದದ್ದನ್ನು ಬಂಡೆಯ ಮೇಲೆ ಹರವಲು ಹೋದೆವು. ಆಗ ಕಂಡಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದ ಜಾಗದಲ್ಲಿ, ನೆರಿಗೆಯ ಒಳಗೆ, ಅಂಗೈ ಅಗಲದ ಕೆಂಪು ಕಲೆ.

ನಾನು ಬೇಗಬೇಗ ಮಡಚಿದೆ. "ಯಾರೂ ನೋಡಿಲ್ಲ" ಅಂದೆ.

"ನಾ ನೋಡೀನಲ್ಲ."

"ಹನ್ನೊಂದು ಹೋಗಲಿ, ಆಮ್ಯಾಲ ನೋಡೋಣು. ಅಪ್ಪ ಏನಂದಾನ ನೆನಪೈತಿಲ್ಲೋ?"

"ನಂಗ ನೆನಪಿಲ್ಲೇನ್ರಿ?" ಅಂದಳು. "ಸೀರಿ ಹೋಗಲಿಲ್ಲಂದ್ರ ಕಂಡಿಕಿ ಸುತ್ತೂದು ನನ್ನ ಪಾಲಿಗೆ. ಆದ್ರ ಆ ಅಂಗಡಿಕಾರನ ಹೇಣ್ತಿ ಸೀರಿ ಒಯ್ದು ಮನ್ಯಾಗ ಒಗದ್ರ? ಮುಳುಗಿ ತೋರ್ಸಿದಾಕಿ ನಾನು."

ಇಲಕಲ್ಲು ತಲುಪಿದ ಮೇಲೆ ಅಪ್ಪನ ಮುಂದೆ ಸೀರೆ ಬಿಚ್ಚಿ ಕಲೆ ತೋರಿಸಿದವಳು ಅವಳೇ. ಅಪ್ಪ ಕಲೆಯನ್ನು ಬೆರಳಿನಿಂದ ತಿಕ್ಕಿ ನೋಡಿದ. ಒದ್ದೆಯಲ್ಲಿ ಸೆರಗು ಮೈಗೆ ಒತ್ತಿ ಕೂತರೆ ಮಾತ್ರ ಹೀಗಾಗುತ್ತದೆ, ಉಪ್ಪುನೀರಿನಲ್ಲಿ ಸೆರಗನ್ನಷ್ಟೇ ಮೂರು ಸಲ ಅದ್ದಿ ತೆಗೆದರೆ ನಿಲ್ಲುತ್ತದೆ ಎಂದ. ಆದರೆ ಮಾರುವ ಮೊದಲು ನಾವೇ ಅದ್ದಿದರೆ ಗಂಜಿ ಹೋಗಿ, ಉಟ್ಟ ಸೀರೆ ಅನ್ನುತ್ತಾರೆ ಎಂದೂ ಹೇಳಿದ. ಹಾಗಾದರೆ ಅದನ್ನೇ ಕೊಳ್ಳುವವರಿಗೆ ಹೇಳೋಣ ಎಂದಳು ಅವಳು. ಹೇಳಿದ್ದು ಮರೆತುಹೋಗುತ್ತದೆ, ಬರೆದು ಕೊಡೋಣ ಎಂದೂ ಅಂದಳು. ಬರೆಯುವ ಕೆಲಸ ನನಗೆ ಬಂತು. ಹನ್ನೊಂದು ಚೀಟಿ ಬರೆದೆ: "ಉಡುವ ಮೊದಲು ಸೆರಗನ್ನು ಮಾತ್ರ ಉಪ್ಪುನೀರಿನಲ್ಲಿ ಮೂರು ಸಲ ಅದ್ದಿ ನೆರಳಿನಲ್ಲಿ ಒಣಗಿಸಬೇಕು. ಇಲ್ಲದಿದ್ದರೆ ಕೆಂಪು ಹರಿಯುತ್ತದೆ." ಒಂದೊಂದು ಮಡಿಕೆಯಲ್ಲಿ ಒಂದೊಂದು ಇಟ್ಟೆವು. ಚೀಟಿ ಓದಿದವರು ಸೀರೆ ಕೊಳ್ಳದೆ ತಿರುಗಿ ಹೋಗುತ್ತಾರೆ ಎಂದೇ ನಾನು ತಿಳಿದಿದ್ದೆ.

ಆಗಿದ್ದು ಬೇರೆ. ಬಾದಾಮಿಯಿಂದ ಬಂದವರು ಚೀಟಿ ಓದಿಸಿಕೊಂಡು, ಪ್ರಸಾದದ ಹಾಗೆ ಹಣೆಗೆ ಒತ್ತಿ ಮಡಚಿ ಇಟ್ಟುಕೊಂಡರು. ದವಾಖಾನೆಯ ಔಷಧಿಗೆ ಇರುವ ಹಾಗೆ ಸೀರೆಗೂ ಒಂದು ಚೀಟಿ! ಇಷ್ಟು ನಾಜೂಕು ಇದೆಯೆಂದರೆ ಭಾರಿ ಸೀರೆಯೇ ಇರಬೇಕು ಎಂದರು. ಹದಿನೈದು ದಿನದಲ್ಲಿ ಹನ್ನೊಂದೂ ಹೋದವು. ಅದೇ ವ್ಯಾಪಾರಿ ಆಳು ಕಳಿಸಿದರು. "ಚೀಟಿ ಇರೂ ಸೀರಿ ಅಂತ ಕೇಳಾಕತ್ತಾರ. ಎಲ್ಲೈತಿ ಅದು?" ಎಚ್ಚರಿಸಲು ಬರೆದ ಮಾತು ಕರೆಯುವ ಮಾತಾಗಿತ್ತು. ಅದು ಹೇಗಾಯಿತು ಎಂಬುದು ನನಗೆ ಇಂದಿಗೂ ಪೂರ್ತಿ ತಿಳಿದಿಲ್ಲ.

ಮುಂದಿನ ವಾರ ಅಪ್ಪ ಬಣ್ಣದ ಹಂಡೆ ತೊಳೆದು ಅಂಗಳದಲ್ಲಿ ಬೋರಲು ಹಾಕಿದ. ಸೊಸೆ ಬಂದ ದಿನದಿಂದ ಅವನು ಅವಳ ಜೊತೆ ನೇರವಾಗಿ ಮಾತಾಡಿದವನಲ್ಲ, ಎಲ್ಲವೂ ಅವ್ವನ ಬಾಯಿಂದಲೇ. ಅವತ್ತು ಅಡಿಗೆಮನೆಯ ಬಾಗಿಲಿಗೇ ಹೋಗಿ ನಿಂತ.

"ತಂಗಿ, ಈ ಸಲ ಯಾ ಬಣ್ಣ ಹಾಕೂನು?"

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡೇ, ತಲೆಯ ಮೇಲೆ ಸೆರಗು ಎಳೆದುಕೊಳ್ಳುವುದನ್ನೂ ಮರೆತು, ಅವಳು ಹೊರಗೆ ಓಡಿ ಬಂದಳು.

"ಮಾವ, ಎರಡ ಹೇಳ್ಲೇನ್ರಿ?"