ಮಾತ್ರೆ ನುಂಗುವವರೆಗೆ ಮುಗಿಯದ ಪ್ರಾರ್ಥನೆ

ನಮ್ಮ ಬೀದಿಯ ಪ್ರಾರ್ಥನಾ ಮಂದಿರದಲ್ಲಿ ಕಸ ಗುಡಿಸುವವಳು ನಮ್ಮ ಚಿಕ್ಕಮ್ಮ. ಬೀದಿಯ ಕ್ಷಯರೋಗಿಗಳ ಮಾತ್ರೆಗಳನ್ನು ಆಸ್ಪತ್ರೆಯ ನರ್ಸಮ್ಮ ಅವಳ ಕೈಗೇ ಕೊಟ್ಟಿದ್ದರು. ಬೆಳಗಿನ ಪ್ರಾರ್ಥನೆಗೆ ಬಂದವರಿಗೆ ಅಲ್ಲೇ ನುಂಗಿಸಬೇಕು. ಮಂದಿರದ ಹಿರಿಯರು ಪ್ರಾರ್ಥನೆಯ ಕೊನೆಯ ಮಾತನ್ನೂ ಅವಳಿಗೇ ಬಿಟ್ಟಿದ್ದರು. ಅದನ್ನು ಹೇಳುವವರೆಗೆ ಯಾರೂ ಏಳುವ ಹಾಗಿಲ್ಲ.

ಒಂದು ದಿನ ಆ ರೋಗಿಗಳಲ್ಲೊಬ್ಬನಾದ ದರ್ಜಿ, "ಕೆಮ್ಮು ನಿಂತೋಯ್ತು. ದೇವರೇ ವಾಸಿ ಮಾಡಿದ, ಇನ್ನು ಮಾತ್ರೆ ಬೇಡ," ಅಂದ. ಮನೆಯಲ್ಲಿ ಅವನಿಗೆ ಹಸುಗೂಸು ಮೊಮ್ಮಗಳಿದ್ದಾಳೆ. ಅರ್ಧಕ್ಕೆ ಬಿಟ್ಟರೆ ರೋಗ ಮತ್ತೆ ಕೆರಳಿ ಮಗುವಿಗೂ ಅಂಟೀತು ಎಂದು ನರ್ಸಮ್ಮ ಹೇಳಿ ಹೇಳಿ ಸೋತಿದ್ದರು. ನನಗೆ ಪಿತ್ತ ನೆತ್ತಿಗೇರಿತು. "ಇವನ ಬಾಯಿಗೆ ನಾನೇ ತುರುಕ್ತೀನಿ!" ಅಂತ ಎದ್ದೆ.

"ಮೊದಲು ನಿನ್ನ ಬಾಯಿ ಮುಚ್ಕೊಂಡು ಕೂತ್ಕೊಳ್ಳೋ," ಅಂದಳು ಚಿಕ್ಕಮ್ಮ. ದರ್ಜಿಯ ಮುಂದೆ ನೀರಿನ ಲೋಟ ಇಟ್ಟಳು. "ವಾಸಿ ಮಾಡ್ತಿರೋನು ದೇವರೇ ಕಣಣ್ಣಾ. ಆದ್ರೆ ಒಂದೇ ತೋಳು ಹೊಲಿದ ಅಂಗೀನ ನೀನು ಗಿರಾಕಿಗೆ ಕೊಡ್ತೀಯಾ? ದೇವರಿಗೂ ಕೆಲಸ ಮುಗಿಸೋಕೆ ಬಿಡು."

ಹಾಗೆಂದವಳೇ ಕೊನೆಯ ಮಾತು ಹೇಳದೆ ಕಣ್ಣು ಮುಚ್ಚಿ ಕೂತಳು. ನಾವೂ ಕೂತೆವು.

"ನುಂಗಪ್ಪಾ ಮಾರಾಯ, ನನ್ನ ಬ್ರೆಡ್ಡು ಸೀದು ಇದ್ದಲಾಗುತ್ತೆ!" ಅಂತ ಬೇಕರಿಯವನು ಗೋಗರೆದ.

"ದೇವರನ್ನೂ ನಿನ್ನ ಕಡೆ ಸೇರಿಸ್ಕೊಂಡುಬಿಟ್ಯಲ್ಲಮ್ಮಾ," ಎಂದು ಗೊಣಗುತ್ತಲೇ ದರ್ಜಿ ಮಾತ್ರೆ ನುಂಗಿದ.

"ನಾಲಿಗೆ ತೋರಿಸು," ಅಂದಳು ಚಿಕ್ಕಮ್ಮ. ನೋಡಿ ಖಾತ್ರಿಯಾದ ಮೇಲೆಯೇ ಕೊನೆಯ ಮಾತು ಹೇಳಿದಳು. ಆವತ್ತು ಅದರಲ್ಲಿ ದರ್ಜಿಯ ಮೊಮ್ಮಗಳ ಹೆಸರನ್ನೂ ಸೇರಿಸಿದಳು.